ಶಿಷ್ಯರಿಲ್ಲದ ಗುರು

ಭಾರತ ಕಥೆಯಲ್ಲಿ ಕರ್ಣನ ಸೋಲಿಗೆ ಕಾರಣಗಳನ್ನೆಣಿಸುವಾಗ ಜನರು ಗುರುವಿನ ಶಾಪವನ್ನೂ ಬ್ರಾಹ್ಮಣನ ಶಾಪವನ್ನೂ ಕವಚಕುಂಡಲಗಳ ದಾನವನ್ನೂ ಮೊದಲು ಹೇಳುತ್ತಾರೆ. ಸಾರಥಿಯ ಮಾತನ್ನು ಕೊನೆಗೆ ನೆನೆಯುತ್ತಾರೆ. ಆದರೆ ಕರ್ಣಪರ್ವವನ್ನು ಮನಸ್ಸಿಟ್ಟು ಕೇಳಿದವರಿಗೆ ಶಲ್ಯನ ಪಾತ್ರವು ಅಷ್ಟು ಸಣ್ಣದೆಂದು ತೋರದು. ಶಲ್ಯನು ರಥವನ್ನೇನೋ ಚೆನ್ನಾಗಿಯೇ ನಡೆಸಿದನು. ಕುದುರೆಗಳ ವಿಷಯದಲ್ಲಿ ಅವನಿಗೆ ತಿಳಿಯದುದು ಯಾವುದೂ ಇರಲಿಲ್ಲ. ಅವನು ಕೆಡಿಸಿದುದು ರಥಿಕನ ಮನಸ್ಸನ್ನು. ಹಂಸೆಯೊಡನೆ ಹಾರಹೋದ ಕಾಗೆಯ ಕಥೆಯನ್ನು ಹೇಳಿ, ಎದುರಾಳಿಯ ಹೆಚ್ಚಳವನ್ನೇ ಎತ್ತಿ ಆಡಿ, ಬಾಣ ಬಿಡುವ ಹೊತ್ತಿಗೆ ಕೈಯೂ ಬುದ್ಧಿಯೂ ಒಂದಾಗದಂತೆ ಮಾಡಿದನು. ಅದೇ ರಣರಂಗದ ಮತ್ತೊಂದು ರಥದಲ್ಲಿ, ಬಿಲ್ಲನ್ನು ಕೆಳಗಿಟ್ಟು ಕುಗ್ಗಿ ಕುಳಿತವನನ್ನು ಎಬ್ಬಿಸಿ ನಿಲ್ಲಿಸಿದ ಸಾರಥಿಯೂ ಇದ್ದನು. ಎರಡು ರಥಗಳಲ್ಲಿಯೂ ಬಿಲ್ಲುಬಾಣಗಳಿದ್ದುವು, ತೋಳ್ಬಲವಿದ್ದಿತು, ಕಲಿತ ವಿದ್ಯೆಯೂ ಇದ್ದಿತು. ಭೇದವಿದ್ದುದು ಸಾರಥಿಗಳ ಮಾತಿನಲ್ಲಿ. ಹಿಂದಿನವರು ಇದನ್ನು ಕಂಡುಕೊಂಡೇ ತೇಜೋವಧೆಯೆಂದು ಒಂದು ಹೆಸರನ್ನಿಟ್ಟರು.

ಹೆಸರಿಡುವುದು ಒಂದು ಕೆಲಸ. ಹೆಸರಿಟ್ಟ ವಸ್ತುವನ್ನು ಅಳೆದು ತೂಗಿ ಅದರ ಕ್ರಮವನ್ನು ತಿಳಿಯುವುದು ಇನ್ನೊಂದು ಕೆಲಸ. ಪಂದ್ಯದ ಹೊತ್ತಿನಲ್ಲಿ ಆಟಗಾರನ ಮನಸ್ಸಿನೊಳಗೆ ಏನು ನಡೆಯುತ್ತದೆ? ನೂರು ಸಲ ಸರಿಯಾಗಿ ಬಂದ ಹೊಡೆತವು ಬೇಕಾದ ಗಳಿಗೆಯಲ್ಲಿ ಏಕೆ ತಪ್ಪುತ್ತದೆ? ಹುರಿದುಂಬಿಸುವ ಮಾತು ಯಾವಾಗ ಬಲವನ್ನು ತರುತ್ತದೆ, ಯಾವಾಗ ಇರುವ ಬಲವನ್ನೂ ಕಳೆಯುತ್ತದೆ? ಇವು ರಣರಂಗಕ್ಕೆ ಹೇಗೋ ಆಟದ ಬಯಲಿಗೂ ಹಾಗೆಯೇ ಸಲ್ಲುವ ಪ್ರಶ್ನೆಗಳು. ಇವುಗಳನ್ನು ಪ್ರಯೋಗಶಾಲೆಗೆ ತಂದು ವರ್ಷಾನುಗಟ್ಟಲೆ ವಿಚಾರಮಾಡಿದ ಮೊದಲಿಗರಲ್ಲಿ ಅಮೆರಿಕಾ ದೇಶದ ಕೋಲ್ಮನ್ ರಾಬರ್ಟ್ಸ್ ಗ್ರಿಫಿತ್ ಎಂಬ ವಿದ್ವಾಂಸರು ಮುಖ್ಯರಾದವರು. ಅವರ ಬಾಳಿನಲ್ಲಿ ಜಯದಷ್ಟೇ ಸೋಲೂ ಇದ್ದಿತು. ಆದರೂ ಅವರ ಪ್ರಭಾವವು ಅವರ ಕಾಲವನ್ನು ದಾಟಿ ನಿಂತಿದೆ. ಅದು ನಿಂತ ಬಗೆಯು ವಿಚಾರಮಾಡತಕ್ಕದ್ದಾಗಿದೆ.

ಗ್ರಿಫಿತ್ತರಿಗಿಂತ ಹಿಂದೆ ಈ ದಾರಿಯಲ್ಲಿ ಯಾರೂ ಹೆಜ್ಜೆಯಿಡಲಿಲ್ಲವೆಂದಲ್ಲ. ನಾರ್ಮನ್ ಟ್ರಿಪ್ಲೆಟ್ ಎಂಬುವರು ಸೈಕಲ್ ಸವಾರರು ಒಬ್ಬೊಬ್ಬರೇ ಹೋಗುವಾಗಿಗಿಂತ ಜೊತೆಯಲ್ಲಿ ಪಂಥಕಟ್ಟಿ ಹೋಗುವಾಗ ವೇಗವಾಗಿ ಹೋಗುವುದನ್ನು ಕಂಡು, ೪೦ ಮಂದಿ ಮಕ್ಕಳಿಂದ ಗಾಳದ ರಾಟೆಯನ್ನು ತಿರುಗಿಸಿ ನೋಡಿ, ಅದರ ಫಲವನ್ನು ೧೮೯೮ರಲ್ಲಿ ಪ್ರಕಟಿಸಿದ್ದರು. ಅನಂತರ ಅವರು ಬೇರೆ ವಿಷಯಗಳಿಗೆ ಹೊರಳಿದರು. ೧೯೨೦ರ ದಶಕದಲ್ಲಿ ಜರ್ಮನಿಯಲ್ಲಿಯೂ ರಷ್ಯಾದಲ್ಲಿಯೂ ಇಂತಹ ಪ್ರಯತ್ನಗಳು ನಡೆದುವು. ಅಮೆರಿಕಾದಲ್ಲಿ ಒಂದು ಪ್ರಯೋಗಕ್ಕೆ ತೃಪ್ತರಾಗದೆ, ಇದನ್ನೇ ಒಂದು ಶಾಸ್ತ್ರವಾಗಿ ಕಟ್ಟಬೇಕೆಂದು ಹಟತೊಟ್ಟು ಕುಳಿತವರು ಗ್ರಿಫಿತ್ತರು.

ಅವರು ೧೮೯೩ರಲ್ಲಿ ಅಯೋವಾ ಸಂಸ್ಥಾನದ ಗತ್ರೀ ಸೆಂಟರ್ ಎಂಬ ಊರಿನಲ್ಲಿ ಹುಟ್ಟಿದರು. ೧೯೧೫ರಲ್ಲಿ ಗ್ರೀನ್‌ವಿಲ್ ಕಾಲೇಜಿನಿಂದ ಪದವಿಯನ್ನು ಪಡೆದರು. ಇಲಿನಾಯ್ ವಿಶ್ವವಿದ್ಯಾನಿಲಯಕ್ಕೆ ಬಂದು ಮ್ಯಾಡಿಸನ್ ಬೆಂಟ್ಲಿ ಎಂಬ ಆಚಾರ್ಯರಲ್ಲಿ ಮನಶ್ಶಾಸ್ತ್ರವನ್ನು ಅಭ್ಯಾಸಮಾಡಿ, ೧೯೨೦ರಲ್ಲಿ ಡಾಕ್ಟರ್ ಪದವಿಯನ್ನು ಗಳಿಸಿದರು. ಅವರ ಮೊದಲ ಸಂಶೋಧನೆಗೂ ಆಟಕ್ಕೂ ಹೊರನೋಟಕ್ಕೆ ಯಾವ ಸಂಬಂಧವೂ ಕಾಣದು. ಮನುಷ್ಯನ ಕಿವಿಯ ಒಳಭಾಗದಲ್ಲಿ ದೇಹದ ಸಮತೋಲವನ್ನು ಕಾಯುವ ಅಂಗವೊಂದುಂಟಷ್ಟೆ. ದೇಹವನ್ನು ಗಿರಗಿರನೆ ತಿರುಗಿಸಿದಾಗ ಆ ಅಂಗವೂ ಅದನ್ನವಲಂಬಿಸಿದ ಕಣ್ಣು ಕೈ ಕಾಲುಗಳೂ ಹೇಗೆ ವರ್ತಿಸುತ್ತವೆ, ಪದೇ ಪದೇ ತಿರುಗಿಸಿದರೆ ಹೇಗೆ ಒಗ್ಗಿಕೊಳ್ಳುತ್ತವೆ ಎಂಬುದೇ ಅವರ ವಿಷಯವಾಗಿದ್ದಿತು. ಇದಕ್ಕಾಗಿ ಬಿಳಿ ಇಲಿಗಳನ್ನು ಸಾಕಿ ತಿರುಗುವ ಗೂಡುಗಳಲ್ಲಿಟ್ಟು ನೋಡಿದರು. ದೇಹವು ಅಭ್ಯಾಸದಿಂದ ಹೇಗೆ ಬದಲಾಗುತ್ತದೆ ಎಂಬ ಕುತೂಹಲವು ಅಲ್ಲಿಯೇ ಮೊಳೆಯಿತೆನ್ನಬಹುದು. ಇಲಿಯ ಗೂಡಿನಿಂದ ಆಟದ ಬಯಲಿಗೆ ಬಂದುದು ಆ ಕುತೂಹಲದ ಮುಂದಿನ ಹೆಜ್ಜೆ.

ಆ ಹೆಜ್ಜೆಯನ್ನು ಅವರು ವಿದ್ಯಾರ್ಥಿದೆಸೆಯಲ್ಲಿಯೇ ಇಟ್ಟಿದ್ದರು. ೧೯೧೮ರ ಹೊತ್ತಿಗೆ, ಯಾರೂ ಕೇಳದಿದ್ದರೂ, ವಿಶ್ವವಿದ್ಯಾನಿಲಯದ ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್ ಆಟಗಾರರನ್ನು ಗಮನಿಸುತ್ತ ಅವರ ನೋಟ, ಗಮನ, ಚುರುಕುತನಗಳನ್ನು ಪರೀಕ್ಷಿಸತೊಡಗಿದ್ದರು. ೧೯೨೩ರಲ್ಲಿ ಮನಶ್ಶಾಸ್ತ್ರಕ್ಕೂ ಅಂಗಸಾಧನೆಗೂ ಇರುವ ಸಂಬಂಧವನ್ನು ಕುರಿತು ಒಂದು ಪಾಠಕ್ರಮವನ್ನು ಆರಂಭಿಸಿದರು. ಅಲ್ಲಿನ ಕ್ರೀಡಾಶಾಖೆಯ ಮುಖ್ಯಾಧಿಕಾರಿಗಳಾದ ಜಾರ್ಜ್ ಹಫ್ ಎಂಬುವರ ಬೆಂಬಲದಿಂದ ೧೯೨೫ರಲ್ಲಿ ಕ್ರೀಡಾಸಂಶೋಧನೆಯ ಪ್ರಯೋಗಶಾಲೆಯೊಂದು ಸ್ಥಾಪಿತವಾಯಿತು. ಗ್ರಿಫಿತ್ತರೇ ಅದರ ನಿರ್ದೇಶಕರಾದರು. ದೊಡ್ಡ ಕಟ್ಟಡವೇನೂ ಅಲ್ಲ. ಕೆಲವು ಉಪಕರಣಗಳು, ಕೆಲಸದ ಕೊಠಡಿ, ಇಲಿಗಳ ಗೂಡು, ಇಷ್ಟೆ. ಒಂದು ಗುರುತನ್ನು ಕಂಡೊಡನೆ ಮೈ ಎಷ್ಟು ಬೇಗ ಚಲಿಸುತ್ತದೆ, ಸ್ನಾಯುಗಳು ಎಷ್ಟು ಬಿಗಿಯುತ್ತವೆ ಎಷ್ಟು ಸಡಿಲುತ್ತವೆ, ಕೈ ಎಷ್ಟು ನಿಶ್ಚಲವಾಗಿ ನಿಲ್ಲಬಲ್ಲುದು, ಹೊಸ ಚಲನೆಯೊಂದು ಎಷ್ಟು ಅಭ್ಯಾಸದಿಂದ ಮೈಗೂಡುತ್ತದೆ ಎಂಬಿವನ್ನು ಅಳೆಯುವ ಸಾಧನಗಳಲ್ಲಿ ಹಲವನ್ನು ಅಲ್ಲಿಯೇ ಮಾಡಿಕೊಳ್ಳಬೇಕಾಯಿತು.

ಆದರೆ ಗ್ರಿಫಿತ್ತರು ಉಪಕರಣಗಳ ಮುಂದೆಯೇ ಕುಳಿತವರಲ್ಲ. ಅವರಿಗೆ ದೊರೆತ ಒಳ್ಳೆಯ ಪಾಠಗಳಲ್ಲಿ ಒಂದು ಬಯಲಿನಲ್ಲಿಯೇ ದೊರೆಯಿತು. ೧೯೨೪ನೆಯ ಅಕ್ಟೋಬರ್ ೧೮ರಂದು ಇಲಿನಾಯ್ ತಂಡಕ್ಕೂ ಮಿಷಿಗನ್ ತಂಡಕ್ಕೂ ಪಂದ್ಯ ನಡೆಯಿತು. ಅಮೆರಿಕಾದವರ ಫುಟ್‌ಬಾಲು ಈ ಕಡೆಯ ಕಾಲ್ಚೆಂಡಿನಂತಲ್ಲ. ಚೆಂಡನ್ನು ಕೈಯಲ್ಲಿ ಅವುಚಿಕೊಂಡು, ಅಡ್ಡ ಬಂದವರಿಂದ ತಪ್ಪಿಸಿಕೊಂಡು, ಎದುರಾಳಿಗಳ ಎಲ್ಲೆಯನ್ನು ಮುಟ್ಟುವ ಆಟ. ಅಂದು ಇಲಿನಾಯ್ ತಂಡದ ರೆಡ್ ಗ್ರೇಂಜ್ ಎಂಬ ತರುಣನು ಮೊದಲ ೧೨ ನಿಮಿಷಗಳಲ್ಲಿಯೇ ನಾಲ್ಕು ಸಲ ಎಲ್ಲೆಯನ್ನು ಮುಟ್ಟಿದನು. ನೋಡಿದವರು ಬೆರಗಾದರು, ದೇಶದಲ್ಲೆಲ್ಲ ಅವನ ಮಾತೇ ಆಯಿತು. ಅನಂತರ ಗ್ರಿಫಿತ್ತರು ಅವನನ್ನು ಕಂಡು ಆ ಓಟಗಳಲ್ಲಿ ಏನೇನು ಮಾಡಿದೆಯೆಂದು ವಿಚಾರಿಸಿದರೆ, ಆ ತರುಣನಿಗೆ ವಿವರಗಳು ಹೆಚ್ಚುಕಡಮೆ ನೆನಪಿಗೇ ಬಾರವು! ಸಾವಿರಾರು ಜನರು ಕಣ್ಣಾರೆ ಕಂಡು ನೆನಪಿನಲ್ಲಿಟ್ಟುಕೊಂಡುದನ್ನು ಮಾಡಿದವನೇ ಮರೆತಿದ್ದನು.

ಗ್ರಿಫಿತ್ತರು ಇದನ್ನು ಒಂದು ವಿನೋದವೆಂದು ಬಿಡಲಿಲ್ಲ. ಪೂರ್ಣವಾಗಿ ಅಭ್ಯಾಸವಾದ ವಿದ್ಯೆಯು ತಾನಾಗಿಯೇ ನಡೆಯುತ್ತದೆ. ಎಡಗಾಲೋ ಬಲಗಾಲೋ ಎಂದು ಕೇಳುತ್ತ ನಿಲ್ಲುವುದಿಲ್ಲ. ಹಾಗೆ ಕೇಳತೊಡಗಿದರೆ ಅದು ಕೆಡುತ್ತದೆ. ವೇದವನ್ನು ಕಂಠಸ್ಥ ಮಾಡಿದವರಿಗೆ ಇದು ಹೊಸ ಸಂಗತಿಯಲ್ಲ. ಘನಪಾಠವನ್ನು ನಿರರ್ಗಳವಾಗಿ ಹೇಳುತ್ತಿರುವವನನ್ನು ನಡುವೆ ನಿಲ್ಲಿಸಿ ಮುಂದಿನ ಪದ ಯಾವುದೆಂದು ಕೇಳಿದರೆ ಅವನು ತಡವರಿಸುತ್ತಾನೆ. ಹಿಂದಿನಿಂದ ಹಿಡಿದುಕೊಂಡು ಬಂದರೆ ಪದವು ತಾನೇ ಬರುತ್ತದೆ. ಇದರಿಂದ ಗುರುವಾದವನು ಕಲಿಯತಕ್ಕದ್ದೇನೆಂದರೆ, ವಿವರಿಸುವ ಕಾಲ ಬೇರೆ, ಆಡಗೊಡುವ ಕಾಲ ಬೇರೆ. ಪಂದ್ಯದ ನಡುವೆ ತಲೆಯ ತುಂಬ ಸೂಚನೆಗಳನ್ನು ಹೇರಿದ ಶಿಕ್ಷಕನು, ತನ್ನ ಸದುದ್ದೇಶದಿಂದಲೇ, ಶಿಷ್ಯನ ಕೈಯನ್ನು ಕಟ್ಟಿಹಾಕುತ್ತಾನೆ.

ಎರಡನೆಯ ಪಾಠವು ಕಾಗದದ ಮೂಲಕ ದೊರೆಯಿತು. ಆ ಕಾಲದಲ್ಲಿ ನಾಟರ್ ಡೇಮ್ ವಿಶ್ವವಿದ್ಯಾನಿಲಯದ ಶಿಕ್ಷಕರಾದ ನೂಟ್ ರಾಕ್ನಿ ಎಂಬುವರ ಹೆಸರು ಮನೆಮಾತಾಗಿದ್ದಿತು. ಪಂದ್ಯಕ್ಕೆ ಮೊದಲು ಆಟಗಾರರನ್ನು ಮಾತಿನಿಂದಲೇ ಬೆಂಕಿಯಾಗಿಸುವವರೆಂದು ಅವರ ಖ್ಯಾತಿ. ೧೯೨೪ರ ಡಿಸೆಂಬರಿನಲ್ಲಿ ಗ್ರಿಫಿತ್ತರು ಅವರಿಗೆ ಪತ್ರ ಬರೆದು, ಆಟಗಾರರನ್ನು ಹಾಗೆ ಕೆರಳಿಸುವುದು ನಿಜವೇ ಎಂದು ಕೇಳಿದರು. ಬಂದ ಉತ್ತರವು ಖ್ಯಾತಿಗೆ ತೀರ ವಿರುದ್ಧವಾಗಿದ್ದಿತು. ಅಪೂರ್ವವಾದ ಸಂದರ್ಭವಲ್ಲದೆ ತಾವು ಹಾಗೆ ಮಾಡುವುದೇ ಇಲ್ಲವೆಂದೂ, ಆ ವರ್ಷ ನೆಬ್ರಾಸ್ಕಾ ತಂಡದೊಡನೆ ಆಡುವಾಗ ಒಮ್ಮೆ ಮಾಡಿ ತಪ್ಪಿದೆನೆಂದೂ, ಮರುವಾರವೇ ನಾರ್ತ್‌ವೆಸ್ಟರ್ನ್ ತಂಡದೊಡನೆ ಆಡಿದಾಗ ಅದರ ಪ್ರತಿಫಲವನ್ನು ಕಂಡೆನೆಂದೂ ರಾಕ್ನಿಯವರು ಬರೆದರು. ತಮ್ಮ ಹುಡುಗರು ಆಟವನ್ನು ಆಟವೆಂದೇ ಬಗೆದು ಉಲ್ಲಾಸದಿಂದ ಆಡಬೇಕೆಂಬುದೇ ತಮ್ಮ ಯತ್ನವೆಂದೂ, ಎದುರಾಳಿ ಯಾರೇ ಆಗಲಿ ದ್ವೇಷಕ್ಕೆ ಎಡೆಗೊಡುವುದಿಲ್ಲವೆಂದೂ ತಿಳಿಸಿದರು. ಪಂದ್ಯಗಳ ಲೆಕ್ಕವೂ ಆ ಮಾತಿಗೆ ಒಪ್ಪುತ್ತದೆ. ನೆಬ್ರಾಸ್ಕಾದ ಮೇಲೆ ೩೪ಕ್ಕೆ ೬ರಂತೆ ಗೆದ್ದ ತಂಡವು ಮರುವಾರ ನಾರ್ತ್‌ವೆಸ್ಟರ್ನಿನ ಮೇಲೆ ೧೩ಕ್ಕೆ ೬ರಂತೆ ಗೆದ್ದಿತು. ಹೊತ್ತಿಸಿದ ಎಣ್ಣೆ ಉರಿದು ಮುಗಿದಿದ್ದಿತು.

ಈ ಪತ್ರವ್ಯವಹಾರದಲ್ಲಿ ಗ್ರಿಫಿತ್ತರ ಸ್ವಭಾವವು ಚೆನ್ನಾಗಿ ಕಾಣುತ್ತದೆ. ಅವರು ಉಪದೇಶ ಮಾಡಹೊರಡಲಿಲ್ಲ, ಕೇಳಹೊರಟರು. ಕ್ರೀಡೆಯನ್ನು ಕುರಿತ ಮನಶ್ಶಾಸ್ತ್ರಜ್ಞನ ಕೆಲಸಗಳು ಮೂರೆಂದು ಅವರು ೧೯೨೫ರಲ್ಲಿ ಬರೆದರು. ಅನುಭವದಿಂದ ಪಳಗಿದ ಶಿಕ್ಷಕರು ತಿಳಿದೋ ತಿಳಿಯದೆಯೋ ಅನುಸರಿಸುತ್ತಿರುವ ತತ್ತ್ವಗಳನ್ನು ಕಿರಿಯ ಶಿಕ್ಷಕರಿಗೆ ತಿಳಿಯಪಡಿಸುವುದು ಮೊದಲನೆಯದು. ಮನಶ್ಶಾಸ್ತ್ರದಲ್ಲಿ ಈಗಾಗಲೇ ಸಿದ್ಧವಾದ ಸಂಗತಿಗಳನ್ನು ಆಟಕ್ಕೆ ಹೊಂದಿಸುವುದು ಎರಡನೆಯದು. ಪ್ರಯೋಗದಿಂದ ಹೊಸ ಸಂಗತಿಗಳನ್ನು ಕಂಡುಹಿಡಿಯುವುದು ಮೂರನೆಯದು. ವಿದ್ವಾಂಸನಾದವನು ತನ್ನ ಕೆಲಸವನ್ನು ಪಟ್ಟಿಮಾಡುವಾಗ ಇತರರ ಅನುಭವಕ್ಕೆ ಮೊದಲ ಸ್ಥಾನವನ್ನು ಕೊಡುವುದು ವಿರಳ. ಪ್ರಯೋಗವನ್ನು ನೋಡಿ ಶಾಸ್ತ್ರವು ಹುಟ್ಟಬೇಕೆಂಬುದನ್ನು ವ್ಯಾಕರಣವನ್ನು ಓದಿದವರೆಲ್ಲ ಬಲ್ಲರು. ಲೋಕವು ಆಡುವ ಮಾತನ್ನು ಕೇಳಿ ಸೂತ್ರವನ್ನು ಬರೆಯಬೇಕೇ ಹೊರತು, ಸೂತ್ರವನ್ನು ಬರೆದಿಟ್ಟು ಲೋಕದ ಬಾಯನ್ನು ತಿದ್ದಹೋಗಬಾರದು. ಗ್ರಿಫಿತ್ತರದೂ ಅದೇ ಮಾರ್ಗ. ಮನಶ್ಶಾಸ್ತ್ರಜ್ಞನು ಹಣ ಕೊಟ್ಟವರಿಗೆ ತನ್ನ ವಿದ್ಯೆಯನ್ನು ಮಾರುವ ಮಾಂತ್ರಿಕನಲ್ಲವೆಂದೂ, ಅವನು ಕಂಡ ಸತ್ಯಗಳು ಓದಬಲ್ಲವರೆಲ್ಲರಿಗೂ ಸೇರಿದುವೆಂದೂ ಅವರು ಸ್ಪಷ್ಟವಾಗಿ ಸಾರಿದರು. ೧೯೨೬ರಲ್ಲಿ ಶಿಕ್ಷಕರಿಗಾಗಿಯೂ, ೧೯೨೮ರಲ್ಲಿ ಒಟ್ಟು ಅಂಗಸಾಧನೆಯನ್ನು ಕುರಿತೂ ಒಂದೊಂದು ಗ್ರಂಥವನ್ನು ಪ್ರಕಟಿಸಿದರು. ಆಟದ ಶಿಕ್ಷಕನು ಆಟಗಾರನೂ ದೇಹಶಾಸ್ತ್ರಜ್ಞನೂ ಮನಶ್ಶಾಸ್ತ್ರಜ್ಞನೂ ಒಟ್ಟಿಗೆ ಆಗಿರಬೇಕೆಂಬುದು ಅವರ ನಿಲುವು. ಆಟಗಾರರ ಶಕುನ ಅಪಶಕುನಗಳು, ನೋಡುವವರ ಕೂಗಾಟ, ಶಿಕ್ಷಕನ ಪಕ್ಷಪಾತ ಇಂತಹ ಸಣ್ಣ ವಿಷಯಗಳನ್ನೂ ಅವರು ಕೈಬಿಡಲಿಲ್ಲ.

ಇಂತಹ ಪ್ರಯೋಗಶಾಲೆಯು ಬಹುಕಾಲ ಬಾಳಲಿಲ್ಲ. ಅಮೆರಿಕಾದಲ್ಲಿ ೧೯೨೯ರಿಂದ ಆರ್ಥಿಕ ಮುಗ್ಗಟ್ಟು ತಲೆದೋರಿತು. ವಿಶ್ವವಿದ್ಯಾನಿಲಯಗಳ ವೆಚ್ಚಕ್ಕೆ ಕತ್ತರಿ ಬಿದ್ದಿತು. ೧೯೩೨ರಲ್ಲಿ ಪ್ರಯೋಗಶಾಲೆಯನ್ನು ಮುಚ್ಚಿದರು. ಹಣದ ಕೊರತೆಯೊಂದೇ ಅಲ್ಲದೆ, ಇಷ್ಟು ವರ್ಷಗಳ ಅಳತೆಯಿಂದ ತಂಡಕ್ಕೆ ಗೆಲುವೇನೂ ಬರಲಿಲ್ಲವೆಂಬ ಅಸಮಾಧಾನವೂ ಸೇರಿದ್ದಿತೆಂದು ಚರಿತ್ರಕಾರರು ಹೇಳುತ್ತಾರೆ. ಬೀಜವನ್ನು ಬಿತ್ತಿದ ಮರುದಿನವೇ ಹಣ್ಣನ್ನು ಕೇಳುವುದು ಹಣ ಕೊಟ್ಟವರ ಹಳೆಯ ಅಭ್ಯಾಸ. ಪಂದ್ಯದ ಗೆಲುವಿಗೆ ಕಾರಣಗಳು ಹಲವು. ಯಾವ ಗೆಲುವು ಪ್ರಯೋಗಶಾಲೆಯಿಂದ ಬಂದಿತು, ಯಾವುದು ಆಟಗಾರನ ಹುಟ್ಟುಗುಣದಿಂದ ಬಂದಿತು ಎಂದು ಬೇರ್ಪಡಿಸಿ ತೋರಿಸುವುದು ಅಸಾಧ್ಯ. ಗ್ರಿಫಿತ್ತರು ಹಾಗೆ ತೋರಿಸಿದೆನೆಂದು ಸುಳ್ಳು ಹೇಳಲಿಲ್ಲ.

ಆರು ವರ್ಷಗಳ ತರುವಾಯ ಅವರಿಗೆ ಇನ್ನೊಂದು ಅವಕಾಶ ಬಂದಿತು. ಷಿಕಾಗೋ ನಗರದ ಕಬ್ಸ್ ಎಂಬ ಬೇಸ್‌ಬಾಲ್ ತಂಡಕ್ಕೆ ಫಿಲಿಪ್ ರಿಗ್ಲಿ ಎಂಬ ವರ್ತಕರು ಒಡೆಯರಾಗಿದ್ದರು. ಅಗಿಯುವ ಗೋಂದಿನ ವ್ಯಾಪಾರದಿಂದ ಐಶ್ವರ್ಯಕ್ಕೆ ಬಂದ ಮನೆತನ ಅವರದು. ತಮ್ಮ ವ್ಯಾಪಾರದಲ್ಲಿ ಹೇಗೋ ತಂಡದಲ್ಲಿಯೂ ಹಾಗೆಯೇ ಶಾಸ್ತ್ರೀಯವಾದ ಕ್ರಮಗಳನ್ನು ತರಬೇಕೆಂದು ಬಯಸಿ, ೧೯೩೮ರಲ್ಲಿ ಗ್ರಿಫಿತ್ತರನ್ನು ನೇಮಿಸಿಕೊಂಡರು. ಗ್ರಿಫಿತ್ತರು ಒಬ್ಬ ಸಹಾಯಕನೊಡನೆ ಕ್ಯಾಟಲೀನಾ ದ್ವೀಪದಲ್ಲಿ ನಡೆಯುತ್ತಿದ್ದ ಅಭ್ಯಾಸಶಿಬಿರಕ್ಕೆ ಹೋದರು. ಚಲನಚಿತ್ರದ ಕ್ಯಾಮರಾದಿಂದ ಆಟಗಾರರ ಚಲನೆಗಳನ್ನು ಹಿಡಿದರು. ಯಾರು ಎಷ್ಟು ಹೊತ್ತು ಏನನ್ನು ಅಭ್ಯಾಸಮಾಡುತ್ತಾರೆಂದು ಗುರುತು ಹಾಕಿಕೊಂಡರು. ಅಭ್ಯಾಸದ ಹೊತ್ತಿನಲ್ಲಿ ಬಹುಪಾಲು ಕಾಲಹರಣವೇ ಆಗುತ್ತಿದೆಯೆಂದು ಅವರಿಗೆ ಕಂಡಿತು. ದಾಂಡಿಗನಿಗೆ ಸುಲಭವಾದ ಎಸೆತಗಳನ್ನೇ ಎಸೆದು ಹೊಡೆಸುತ್ತಿದ್ದರೆ ನಿಜವಾದ ಪಂದ್ಯಕ್ಕೆ ಅವನು ಸಿದ್ಧನಾಗನು. ಪಂದ್ಯದಲ್ಲಿ ಏನು ಬರುವುದೋ ಅದನ್ನೇ ಅಭ್ಯಾಸದಲ್ಲಿಯೂ ತರಬೇಕೆಂದು ಅವರು ಸೂಚಿಸಿದರು.

ತಂಡದ ಮೇಲ್ವಿಚಾರಕರಾದ ಚಾರ್ಲಿ ಗ್ರಿಮ್ಮರಿಗೆ ಇದು ಹಿಡಿಸಲಿಲ್ಲ. ಬೇಸ್‌ಬಾಲಿನಲ್ಲಿಯೇ ಬಾಳನ್ನು ಕಳೆದವರು ಅವರು. ಬೇಸ್‌ಬಾಲನ್ನು ಆಡಿ ಹೆಸರಾಗದ ಒಬ್ಬ ಪ್ರೊಫೆಸರು ಕಾಗದ ಪೆನ್ಸಿಲುಗಳೊಡನೆ ಬಂದು, ತಮ್ಮ ಕೆಲಸದ ಗುಣದೋಷಗಳನ್ನು ನೇರವಾಗಿ ಒಡೆಯನಿಗೆ ಬರೆದು ಕಳುಹಿಸುವುದೆಂದರೆ ಯಾರಿಗೆ ತಾನೆ ಸಹ್ಯವಾದೀತು? ಅವರು ಸಹಕರಿಸಲಿಲ್ಲ. ಆ ವರ್ಷದ ಜುಲೈಯಲ್ಲಿ ಅವರನ್ನು ತೆಗೆದು ಆಟಗಾರರಾಗಿದ್ದ ಗ್ಯಾಬಿ ಹಾರ್ಟ್ನೆಟ್ ಎಂಬುವರನ್ನು ಆ ಸ್ಥಾನಕ್ಕೆ ತಂದರು. ಹಾರ್ಟ್ನೆಟ್ಟರೂ ಪ್ರೊಫೆಸರರ ಮಾತಿಗೆ ಕಿವಿಗೊಡಲಿಲ್ಲ. ತಂಡವು ಆ ವರ್ಷ ನ್ಯಾಷನಲ್ ಲೀಗಿನಲ್ಲಿ ಮೊದಲ ಸ್ಥಾನವನ್ನೇನೋ ಗಳಿಸಿತು. ಆದರೆ ಕೊನೆಯ ಪಂದ್ಯಮಾಲೆಯಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೆ ನಾಲ್ಕು ಪಂದ್ಯಗಳನ್ನೂ ಸೋತಿತು. ಗ್ರಿಫಿತ್ತರ ಕೆಲಸವು ಬರಬರುತ್ತ ಕ್ಷೀಣಿಸಿ ೧೯೪೦ರಲ್ಲಿ ನಿಂತುಹೋಯಿತು. ಅಷ್ಟರಲ್ಲಿ ಅವರು ಬರೆದ ವರದಿಗಳು ೬೦೦ ಪುಟಗಳನ್ನು ಮೀರಿದ್ದುವು. ಅವುಗಳನ್ನು ಯಾರಿಗಾಗಿ ಬರೆದರೋ ಅವರು ಉಪಯೋಗಿಸಲಿಲ್ಲ.

ಇಲ್ಲಿ ಗ್ರಿಫಿತ್ತರ ಅಭಿಮಾನಿಗಳು ತಪ್ಪನ್ನೆಲ್ಲ ಮೇಲ್ವಿಚಾರಕರ ಮೇಲೆ ಹೊರಿಸುವುದುಂಟು. ಅದು ನ್ಯಾಯವಲ್ಲ. ಗ್ರಿಫಿತ್ತರ ವರದಿಗಳಲ್ಲಿಯೂ ಸಹನೆಯು ಕಡಮೆಯಾಗುತ್ತ ಬಂದುದನ್ನು ಓದಿದವರು ತಿಳಿಸಿದ್ದಾರೆ. ಮೇಲ್ವಿಚಾರಕರ ಬುದ್ಧಿಶಕ್ತಿಯನ್ನು ಕುರಿತು ಅವರು ಕಟುವಾಗಿಯೇ ಬರೆದರು. ರಾಕ್ನಿಯವರಿಗೆ ವಿನಯದಿಂದ ಪತ್ರ ಬರೆದು ಅವರ ಅನುಭವವನ್ನು ಕೇಳಿ ತಿಳಿದುಕೊಂಡವರೇ, ೧೪ ವರ್ಷಗಳ ತರುವಾಯ ಗ್ರಿಮ್ಮರ ಅನುಭವವನ್ನು ಹಾಗೆ ಕೇಳಲಾರದೆ ಹೋದರು. ಮೊದಲು ಅವರು ಶಿಷ್ಯಭಾವದಿಂದ ಹೋಗಿದ್ದರು. ಈಗ ಒಡೆಯನ ಕಡೆಯವರಾಗಿ ಹೋದರು. ಆಟಗಾರನ ಮನಸ್ಸನ್ನು ಶಿಕ್ಷಕನು ತಿಳಿಯಬೇಕೆಂದು ಎರಡು ಗ್ರಂಥಗಳನ್ನು ಬರೆದ ವಿದ್ವಾಂಸರಿಗೆ ಒಬ್ಬ ಶಿಕ್ಷಕನ ಮನಸ್ಸನ್ನು ಗೆಲ್ಲುವುದಾಗಲಿಲ್ಲ. ಮನಸ್ಸನ್ನು ಕುರಿತ ಜ್ಞಾನವು ಮನಸ್ಸಿಗೆ ಹೋಗುವ ದಾರಿಯನ್ನು ತಾನಾಗಿಯೇ ತೆರೆಯದು. ಶಾಸ್ತ್ರವೆಲ್ಲ ಬಾಯಲ್ಲಿದ್ದರೂ ತರಗತಿಯಲ್ಲಿ ಒಬ್ಬ ಹುಡುಗನನ್ನೂ ಒಲಿಸಿಕೊಳ್ಳಲಾರದ ಉಪಾಧ್ಯಾಯರನ್ನು ಯಾವ ಊರಿನವರು ಕಂಡಿಲ್ಲ?

ಅನಂತರ ಗ್ರಿಫಿತ್ತರು ಕ್ರೀಡಾಸಂಶೋಧನೆಗೆ ಮರಳಲಿಲ್ಲ. ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿಯೇ ಮೇಲಿನ ಅಧಿಕಾರಗಳನ್ನು ವಹಿಸಿ ೧೯೪೪ರಲ್ಲಿ ಪ್ರೊವೋಸ್ಟ್ ಎಂಬ ಉನ್ನತ ಪದವಿಗೇರಿದರು. ಅಲ್ಲಿಯೂ ನೆಮ್ಮದಿಯು ಸಿಕ್ಕಲಿಲ್ಲ. ಕ್ರೆಬಿಯೋಜ಼ೆನ್ ಎಂಬ ಮದ್ದೊಂದು ಅರ್ಬುದರೋಗವನ್ನು ಗುಣಪಡಿಸುವುದೆಂದು ಅದೇ ವಿಶ್ವವಿದ್ಯಾನಿಲಯದ ಪ್ರಸಿದ್ಧ ವೈದ್ಯವಿಜ್ಞಾನಿಯೊಬ್ಬರು ಎತ್ತಿಹಿಡಿದರು. ಅದಕ್ಕೆ ತಕ್ಕ ಸಾಕ್ಷ್ಯವಿಲ್ಲವೆಂದು ಆಡಳಿತದವರು ವಿರೋಧಿಸಿದರು. ಈ ಕಲಹವು ಬೆಳೆದು ೧೯೫೩ರಲ್ಲಿ ವಿಶ್ವವಿದ್ಯಾನಿಲಯದ ಅಧ್ಯಕ್ಷರೂ ಅವರೊಡನೆ ಗ್ರಿಫಿತ್ತರೂ ತಮ್ಮ ಸ್ಥಾನಗಳನ್ನು ಬಿಡಬೇಕಾಯಿತು. ಹತ್ತು ವರ್ಷಗಳ ಮೇಲೆ, ೧೯೬೩ರಲ್ಲಿ, ಸರಕಾರದವರು ಆ ಮದ್ದನ್ನು ಪರೀಕ್ಷಿಸಿ ನೋಡಿದಾಗ ಅದರಲ್ಲಿದ್ದುದು ದೇಹದಲ್ಲಿ ಸಹಜವಾಗಿಯೇ ಇರುವ ಕ್ರಿಯಾಟಿನ್ ಎಂಬ ವಸ್ತುವೆಂದು ಸಿದ್ಧವಾಯಿತು. ವಿದ್ವಾಂಸನು ಮಾಂತ್ರಿಕನಲ್ಲವೆಂದು ತಾರುಣ್ಯದಲ್ಲಿ ಬರೆದ ಮಾತಿಗೆ ಮುಪ್ಪಿನಲ್ಲಿ ಹೀಗೆ ಬೆಲೆ ತೆರಬೇಕಾಯಿತು.

ಗ್ರಿಫಿತ್ತರು ೧೯೬೬ರಲ್ಲಿ ತೀರಿಕೊಂಡರು. ಅದರ ಹಿಂದಿನ ವರ್ಷ, ೧೯೬೫ರಲ್ಲಿ, ರೋಮ್ ನಗರದಲ್ಲಿ ಕ್ರೀಡಾಮನಶ್ಶಾಸ್ತ್ರದ ಅಂತರರಾಷ್ಟ್ರೀಯ ಸಂಘವು ಹುಟ್ಟಿದ್ದಿತು. ೧೯೬೭ರಲ್ಲಿ ಉತ್ತರ ಅಮೆರಿಕಾದವರ ಸಂಘವೂ, ೧೯೭೯ರಲ್ಲಿ ಈ ಶಾಸ್ತ್ರಕ್ಕೇ ಮೀಸಲಾದ ಪತ್ರಿಕೆಯೊಂದೂ ಅಲ್ಲಿ ಆರಂಭವಾದುವು. ಈ ಹೊಸ ಪೀಳಿಗೆಯವರು ಗ್ರಿಫಿತ್ತರ ಶಿಷ್ಯರಲ್ಲ. ತಮ್ಮ ದಾರಿಯನ್ನು ಬಹುಮಟ್ಟಿಗೆ ತಾವೇ ಕಡಿದುಕೊಂಡು ಹೋಗುತ್ತಿದ್ದರು. ಹೀಗಿರಲಾಗಿ ೧೯೭೦ರಲ್ಲಿ ವಾಲ್ಟರ್ ಕ್ರೋಲ್ ಮತ್ತು ಗೈ ಲೂಯಿಸ್ ಎಂಬ ಇಬ್ಬರು ಗ್ರಿಫಿತ್ತರನ್ನು ಕುರಿತು ಲೇಖನವನ್ನು ಬರೆದು, ಅಮೆರಿಕಾದ ಮೊದಲ ಕ್ರೀಡಾಮನಶ್ಶಾಸ್ತ್ರಜ್ಞರು ಇವರೇ ಎಂದೂ, ಇವರು ಶಿಷ್ಯರಿಲ್ಲದ ಪ್ರವಾದಿಯೆಂದೂ ಹೇಳಿದರು. ಹೊಸ ದಾರಿಯನ್ನು ಕಡಿಯುತ್ತ ಹೋದವರಿಗೆ ಕಾಡಿನ ನಡುವೆ ಯಾರೋ ಮೊದಲೇ ನಡೆದ ಹೆಜ್ಜೆಗುರುತುಗಳು ಕಂಡಂತಾಯಿತು.

ಹಾಗಾದರೆ ಇದನ್ನು ಪ್ರಭಾವವೆನ್ನಬಹುದೇ? ಗುರುಶಿಷ್ಯಪರಂಪರೆಯ ಲೆಕ್ಕದಲ್ಲಿ ನೋಡಿದರೆ ಇಲ್ಲಿ ಪರಂಪರೆಯೇ ಇಲ್ಲ; ಕೈಯಿಂದ ಕೈಗೆ ದೀಪವು ದಾಟಲಿಲ್ಲ. ಗ್ರಿಫಿತ್ತರು ಇಲ್ಲದಿದ್ದರೂ ೧೯೬೫ರ ಸಂಘವು ಹುಟ್ಟುತ್ತಿದ್ದಿತೆಂದು ಯಾರಾದರೂ ವಾದಿಸಿದರೆ ಅದನ್ನು ಅಲ್ಲಗಳೆಯುವುದು ಕಷ್ಟ. ಆದರೆ ಪ್ರಭಾವವೆಂಬುದು ಒಂದೇ ಬಗೆಯದಲ್ಲ. ಕಣ್ಣಿಗೆ ಕಾಣುತ್ತ ಹರಿಯುವ ನದಿಯುಂಟು. ಮರಳೊಳಗೆ ಇಳಿದು ಗುಪ್ತಗಾಮಿನಿಯಾಗಿ ಹೋಗುವ ನದಿಯೂ ಉಂಟು. ಎಳೆಯದಾದ ಶಾಸ್ತ್ರವೊಂದು ತನ್ನ ಪೂರ್ವಿಕನನ್ನು ಕಂಡುಕೊಂಡಾಗ ಅದಕ್ಕೆ ಒಂದು ಮನೆತನವೂ, ಅದರೊಡನೆ ಮನೆತನದ ಮರ್ಯಾದೆಯೂ ಬರುತ್ತದೆ. ಈ ವಿದ್ಯೆಗೆ ಹಣವೂ ಕೀರ್ತಿಯೂ ಕೂಡಿಬಂದ ಕಾಲದಲ್ಲಿ, ಗೆಲುವನ್ನು ಮಾರುತ್ತೇನೆನ್ನುವವರು ಹುಟ್ಟದೆ ಇರರು. ಅವರ ಎದುರಿಗೆ ಹಿಡಿದು ತೋರಿಸಲು ಒಂದು ಮಾದರಿ ಬೇಕಾಗುತ್ತದೆ. ಮೊದಲು ನೋಡು, ಅಳೆ, ಬಲ್ಲವರನ್ನು ಕೇಳು, ಮಾಂತ್ರಿಕನ ವೇಷವನ್ನು ಹಾಕಬೇಡ ಎಂಬ ಮಾದರಿಯು ೧೯೨೫ರ ಬರಹದಲ್ಲಿಯೇ ಸಿದ್ಧವಾಗಿದ್ದಿತು. ಷಿಕಾಗೋವಿನ ಸೋಲೂ ಹಾಗೆಯೇ ಉಪಯೋಗಕ್ಕೆ ಬಂದಿತು. ಒಡೆಯನ ಬೇಹುಗಾರನಂತೆ ಒಳಹೊಕ್ಕರೆ ಎಷ್ಟು ಪಾಂಡಿತ್ಯವಿದ್ದರೂ ನಿಷ್ಫಲವೆಂಬುದಕ್ಕೆ ಅದಕ್ಕಿಂತ ಒಳ್ಳೆಯ ದೃಷ್ಟಾಂತವಿಲ್ಲ. ಕ್ರಿಸ್ಟಫರ್ ಗ್ರೀನ್ ಎಂಬ ಚರಿತ್ರಕಾರರು ೨೦೦೩ರಲ್ಲಿ ಆ ಪ್ರಸಂಗವನ್ನು ವಿವರವಾಗಿ ಬರೆದು ಪ್ರಕಟಿಸಿದರು. ಗೆದ್ದವರ ಕಥೆಯಿಂದ ಉತ್ಸಾಹವು ಬರುತ್ತದೆ. ಪ್ರಾಮಾಣಿಕನ ಸೋಲಿನ ಕಥೆಯಿಂದ ವಿವೇಕವು ಬರುತ್ತದೆ.

ಈಗ ಆ ಹಳೆಯ ಪ್ರಶ್ನೆಗಳಿಗೆ ಎಲ್ಲ ದೇಶಗಳ ಆಟದ ಬಯಲುಗಳಲ್ಲಿಯೂ ಪ್ರವೇಶವು ದೊರೆತಿದೆ. ಭರತಖಂಡದ ಕ್ರಿಕೆಟ್ ತಂಡದವರು ೨೦೦೮ರಿಂದ ೨೦೧೧ರವರೆಗೆ ದಕ್ಷಿಣ ಆಫ್ರಿಕಾದ ಪ್ಯಾಡಿ ಅಪ್ಟನ್ ಎಂಬುವರನ್ನು ಮನಸ್ಸಿನ ಸಾಧನೆಗಾಗಿಯೇ ಜೊತೆಯಲ್ಲಿಟ್ಟುಕೊಂಡಿದ್ದರು. ೨೦೧೧ರಲ್ಲಿ ಜಗದ್ವಿಜಯದ ಬಟ್ಟಲನ್ನು ಗೆದ್ದರು. ೨೦೨೪ರಲ್ಲಿ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕಂಚಿನ ಪದಕವನ್ನು ಪಡೆದ ಹಾಕಿ ತಂಡಕ್ಕೂ, ಅದೇ ವರ್ಷ ೧೮ನೆಯ ವಯಸ್ಸಿನಲ್ಲಿ ಸಿಂಗಪುರದಲ್ಲಿ ಚದುರಂಗದ ವಿಶ್ವವಿಜೇತನಾದ ಗುಕೇಶನಿಗೂ ಅವರೇ ಸಲಹೆಗಾರರಾಗಿದ್ದರು. ಈ ಗೆಲುವುಗಳಲ್ಲಿ ಸಲಹೆಯ ಪಾಲೆಷ್ಟು, ಆಟಗಾರರ ಪಾಲೆಷ್ಟು ಎಂದು ಹಂಚಹೊರಡುವುದು ವ್ಯರ್ಥ. ಗ್ರಿಫಿತ್ತರಾಗಿದ್ದರೆ ಅದನ್ನು ಒಪ್ಪುತ್ತಲೂ ಇರಲಿಲ್ಲ. ಆದರೆ ೧೯೩೮ರಲ್ಲಿ ಮೇಲ್ವಿಚಾರಕರು ಬಾಗಿಲು ಮುಚ್ಚಿದ ಕೆಲಸಕ್ಕೆ ಈಗ ಶಿಕ್ಷಕರೇ ಬಾಗಿಲು ತೆರೆದು ಆಸನವನ್ನು ಕೊಡುತ್ತಿದ್ದಾರೆಂಬುದು ಸಣ್ಣ ಮಾತಲ್ಲ.

ಉಪಾಧ್ಯಾಯವೃತ್ತಿಯಲ್ಲಿ ಮುಪ್ಪಾದವರಿಗೆ ಒಂದು ಚಿಂತೆ ಸಹಜವಾಗಿ ಬರುತ್ತದೆ. ಹೇಳಿದುದನ್ನು ಯಾರು ಕೇಳಿದರು? ಕೇಳಿದವರಲ್ಲಿ ಯಾರು ಉಳಿಸಿಕೊಂಡರು? ಮುಚ್ಚಿಹೋದ ಪ್ರಯೋಗಶಾಲೆಯನ್ನೂ, ಯಾರೂ ಉಪಯೋಗಿಸದ ೬೦೦ ಪುಟಗಳನ್ನೂ ನೆನೆದು ಗ್ರಿಫಿತ್ತರೂ ಹಾಗೆ ಚಿಂತಿಸಿರಬಹುದು. ಅವರ ಕೆಲಸವನ್ನು ಲೋಕವು ಮರಳಿ ಕೈಗೆತ್ತಿಕೊಂಡುದು ಅವರು ಕಣ್ಣುಮುಚ್ಚಿದ ಮೇಲೆ. ಕರ್ಣನ ರಥದಲ್ಲಿ ಶಲ್ಯನು ಆಡಿದ ಮಾತು ಆ ಒಂದು ದಿನದ ಯುದ್ಧದೊಡನೆ ತನ್ನ ಫಲವನ್ನು ತೋರಿಸಿ ಮುಗಿಯಿತು. ಕೆಡಿಸುವ ಮಾತಿನ ಫಲವು ಬೇಗನೆ ಕಾಣುತ್ತದೆ. ಕಟ್ಟುವ ಮಾತಿಗೆ ಕಾಲ ಬೇಕು; ಕೆಲವು ವೇಳೆ ಆಡಿದವನ ಆಯುಸ್ಸಿಗಿಂತಲೂ ಹೆಚ್ಚಾದ ಕಾಲ ಬೇಕು. ಇದನ್ನು ತಿಳಿದು ಇಂದಿನ ಪಾಠವನ್ನು ಇಂದು ಸರಿಯಾಗಿ ಹೇಳಿದರೆ ಗುರುವಿನ ಕೆಲಸವು ಮುಗಿಯಿತು. ಶಿಷ್ಯರು ಯಾವಾಗ ಬಂದಾರೋ, ಎಲ್ಲಿಂದ ಬಂದಾರೋ, ಹೇಳುವವರಾರು?